ಎಫ್.ಸಿ. ಮುಗಿದ ಗಾಡಿ, ಮುಗಿಯದ ವಿಮೆ



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ದೊಡ್ಡ ಸಭೆಗೆ ದೊಡ್ಡ ವಿಷಯವೇ ಆಗಬೇಕೆಂದು ಸಂವಿಧಾನದ ಕಡೆಗೆ ನೋಡಬಹುದಿತ್ತು. ಆದರೆ ಅಪಘಾತ ಪರಿಹಾರ ನ್ಯಾಯಮಂಡಳಿಯ ಪಡಸಾಲೆಯಲ್ಲಿ ನಿಂತವರು ನನ್ನನ್ನು ಸಂವಿಧಾನದ ಬಗ್ಗೆ ಕೇಳುವುದು ಕಡಿಮೆ. ಅವರು ಕೇಳುವುದು ಹೀಗೆ: "ಸಾರ್, ಇನ್ಶೂರೆನ್ಸ್ ಇದೆ. ಎಫ್.ಸಿ. ಒಂದು ಮುಗಿದಿತ್ತು. ಟ್ಯಾಕ್ಸೂ ಒಂದು ಕ್ವಾರ್ಟರ್ ಬಾಕಿ. ಕಂಪನಿಯವರು ಕೊಡ್ತಾರಾ?" ಕೇಳುವವನು ಗಾಡಿಯ ಮಾಲೀಕ. ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ಗಂಡನನ್ನೋ ಮಗಳನ್ನೋ ಕಳೆದುಕೊಂಡವರು ಕುಳಿತಿರುತ್ತಾರೆ. ಆ ಗಾಡಿಯ ಎಫ್.ಸಿ., ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಎಂದು ಮುಗಿದಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಇಬ್ಬರ ಪರವಾಗಿಯೂ. ಆದರೆ ಮೊದಲು ಆ ಎರಡನೆಯ ತುದಿಯಲ್ಲಿ ಕುಳಿತವರ ಪರವಾಗಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೆರಿಗೆ ಕಟ್ಟದಿದ್ದರೆ ವಿಮೆ ಸಾಯುವುದಿಲ್ಲ. ಎಫ್.ಸಿ. ಮುಗಿದರೂ ವಿಮೆ ಸಾಯುವುದಿಲ್ಲ. ಪಾಲಿಸಿಯ ಮೇಲೆ ಬರೆದ ಕೊನೆಯ ದಿನಾಂಕದ ಮಧ್ಯರಾತ್ರಿಯವರೆಗೆ ಅದು ಜೀವಂತ. ಆದರೆ ಜೀವಂತವಿರುವ ಆ ವಿಮೆ ಯಾರ ಕೈ ಹಿಡಿಯುತ್ತದೆ, ಎಷ್ಟರ ಮಟ್ಟಿಗೆ, ಕೊಟ್ಟ ಹಣವನ್ನು ಯಾರಿಂದ ವಾಪಸು ಕೇಳುತ್ತದೆ ಎಂಬುದು ಬೇರೆ ಪ್ರಶ್ನೆ. ತಕರಾರುಗಳೆಲ್ಲ ಇರುವುದು ಅಲ್ಲಿ.

ನಿಮ್ಮ ಫೋನಿನಲ್ಲಿ ಪರಿವಾಹನ್ ಆ್ಯಪ್ ಇದ್ದರೆ ಗಾಡಿಯ ನಂಬರು ಹಾಕಿ ನೋಡಿ. ಒಂದೇ ಪರದೆಯ ಮೇಲೆ, ಒಂದರ ಕೆಳಗೊಂದು, ಫಿಟ್‌ನೆಸ್ ಎಂದಿನವರೆಗೆ, ತೆರಿಗೆ ಎಂದಿನವರೆಗೆ, ವಿಮೆ ಎಂದಿನವರೆಗೆ, ಹೊಗೆ ತಪಾಸಣೆ ಎಂದಿನವರೆಗೆ ಎಂದು ಸಾಲಾಗಿ ಕಾಣುತ್ತದೆ. ನಮ್ಮ ಬಿಳಿ ಬೋರ್ಡಿನ ಕಾರುಗಳಾದರೆ ತೆರಿಗೆಯ ಮುಂದೆ ದಿನಾಂಕವಿರುವುದಿಲ್ಲ, ಜೀವಾವಧಿ ತೆರಿಗೆ ಎಂಬುದನ್ನು ಸೂಚಿಸುವ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಹೀಗೆ ಒಂದೇ ಪರದೆಯಲ್ಲಿ ಕಾಣುವುದರಿಂದ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳೆಂದೂ ಒಂದು ಕಳಚಿದರೆ ಉಳಿದವೂ ಕಳಚುತ್ತವೆಂದೂ ಜನ ನಂಬಿದ್ದಾರೆ. ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವು ಹುಟ್ಟಿದ ಮನೆಗಳೇ ಬೇರೆ. ತೆರಿಗೆ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯದು, ರಾಜ್ಯದ ಬೊಕ್ಕಸಕ್ಕೆ ಸಲ್ಲಬೇಕಾದದ್ದು. ಎಫ್.ಸಿ. 1988ರ ಮೋಟಾರು ವಾಹನ ಕಾಯ್ದೆಯ 56ನೆಯ ಕಲಮಿನದು. ವಿಮೆಯ ಕಡ್ಡಾಯ ಅದೇ ಕಾಯ್ದೆಯ 146ನೆಯ ಕಲಮಿನದು. ಹೊಗೆ ತಪಾಸಣೆ ಕೇಂದ್ರ ನಿಯಮಗಳ 115ನೆಯ ನಿಯಮದಿಂದ ಬಂದದ್ದು.

ಇವುಗಳಲ್ಲಿ ವಿಮೆಯ ಸ್ವಭಾವ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟನ್ 1930ರಲ್ಲಿ ರಸ್ತೆಗಿಳಿಯುವ ಪ್ರತಿ ಮೋಟಾರು ಗಾಡಿಗೂ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. ವಿಮೆ ಕಡ್ಡಾಯವಾದ ಕೂಡಲೇ ಕಂಪನಿಗಳು ಪಾಲಿಸಿಯ ಸಣ್ಣಕ್ಷರಗಳಲ್ಲಿ ಷರತ್ತಿನ ಮೇಲೆ ಷರತ್ತು ಸೇರಿಸಿದವು. ಗಾಡಿಯಡಿ ಸಿಕ್ಕವನು ಮೊಕದ್ದಮೆ ಗೆದ್ದರೂ ಹಣ ಕೈಗೆ ಬರುತ್ತಿರಲಿಲ್ಲ, ಏಕೆಂದರೆ ಮಾಲೀಕ ಯಾವುದೋ ಷರತ್ತನ್ನು ಮುರಿದಿರುತ್ತಿದ್ದ. 1934ರ ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು. ಗಾಡಿಯ ಸ್ಥಿತಿಗತಿ, ಚಾಲಕನ ವಯಸ್ಸು, ಹೇರಿದ ಭಾರ, ಕೂತ ಜನರ ಸಂಖ್ಯೆ, ಇಂಥ ಷರತ್ತುಗಳನ್ನು ಮುಂದೊಡ್ಡಿ ಮೂರನೆಯವನಿಗೆ ಹಣ ಕೊಡದೆ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಅದೇ ಮಾತು ಇಂದಿಗೂ ಅಲ್ಲಿನ 1988ರ ರಸ್ತೆ ಸಂಚಾರ ಕಾಯ್ದೆಯ 148ನೆಯ ಕಲಮಿನಲ್ಲಿದೆ. ನಮ್ಮ 1939ರ ಮೋಟಾರು ವಾಹನ ಕಾಯ್ದೆ ಈ ಇಂಗ್ಲಿಷ್ ಕಾಯ್ದೆಗಳ ಜಾಡಿನಲ್ಲೇ ಬಂತು. ಅದರ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು.

ಆ ದಿನದಿಂದ ಮೋಟಾರು ವಿಮೆ ಎಂಬುದು ಕಂಪನಿ ಮತ್ತು ಮಾಲೀಕ ಇಬ್ಬರ ನಡುವಿನ ಕರಾರಾಗಿ ಮಾತ್ರ ಉಳಿಯಲಿಲ್ಲ. ಪ್ರೀಮಿಯಂ ಕಟ್ಟಿದವನು ಒಬ್ಬ, ಪಡೆದವನು ಇನ್ನೊಬ್ಬ, ಆದರೆ ಮಾತು ಕೊಟ್ಟದ್ದು ಇಬ್ಬರಿಗೂ ಪರಿಚಯವಿಲ್ಲದ, ನಾಳೆ ಯಾವುದೋ ತಿರುವಿನಲ್ಲಿ ರಸ್ತೆ ದಾಟಲಿರುವ ಮೂರನೆಯವನಿಗೆ. 1959ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಎ.ಕೆ. ಸರ್ಕಾರ್ ಅವರು ಬರೆದ ತೀರ್ಪಿನಲ್ಲಿ, ಕಾಯ್ದೆಯಲ್ಲಿ ಯಾವ ಯಾವ ತಕರಾರುಗಳನ್ನು ಪಟ್ಟಿ ಮಾಡಿದೆಯೋ ಅಷ್ಟನ್ನೇ ಕಂಪನಿ ಎತ್ತಬಹುದು, ಹೊಸದನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಖಚಿತವಾಗಿ ಹೇಳಿತು. ಇಲ್ಲಿರುವ ವಿದ್ಯಾರ್ಥಿಗಳು ಮೋಟಾರು ಕಾನೂನಿನಲ್ಲಿ ಒಂದೇ ತೀರ್ಪನ್ನು ಓದುವುದಾದರೆ ಅದನ್ನೇ ಓದಲಿ ಎನ್ನುತ್ತೇನೆ.

ಆ ಪಟ್ಟಿಯಲ್ಲಿ ಏನೇನಿದೆ? ಈಗ ಅದಿರುವುದು 150ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿ. 2022ರ ಏಪ್ರಿಲ್ 1ಕ್ಕೆ ಮೊದಲು ಅದು 149 ಆಗಿತ್ತು. ಬಾಡಿಗೆಗೆ ಓಡಿಸುವ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು, ಪರ್ಮಿಟ್ಟಿನಲ್ಲಿ ಇಲ್ಲದ ಉದ್ದೇಶಕ್ಕೆ ಬಳಸುವುದು, ರೇಸಿಗೆ ಬಿಡುವುದು, ಲೈಸೆನ್ಸ್ ಇಲ್ಲದವನ ಕೈಗೆ ಕೊಡುವುದು, ಕುಡಿದು ಓಡಿಸುವುದು, ಯುದ್ಧ ಮತ್ತು ದಂಗೆಯಿಂದಾದ ಹಾನಿ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪಾಲಿಸಿ, ಪ್ರೀಮಿಯಂ ಹಣವೇ ಬಾರದ ಪಾಲಿಸಿ. ಹೆಚ್ಚು ಕಡಿಮೆ ಇಷ್ಟೇ. ತೆರಿಗೆಯ ಹೆಸರಿಲ್ಲ. ಎಫ್.ಸಿ.ಯ ಹೆಸರಿಲ್ಲ. ಹೊಗೆ ತಪಾಸಣೆಯ ಹೆಸರೂ ಇಲ್ಲ.

ಪಟ್ಟಿಯಲ್ಲಿ ಇರುವುದನ್ನೂ ಕೋರ್ಟುಗಳು ಕಣ್ಣುಮುಚ್ಚಿ ಅನ್ವಯಿಸಿಲ್ಲ. 1987ರ ಒಂದು ಪ್ರಕರಣ ನೋಡಿ. ಲಾರಿಯ ಚಾಲಕ ತಿಂಡಿ ತರಲೆಂದು ಇಳಿದು ಹೋದ. ಎಂಜಿನ್ ಆರಿಸಿರಲಿಲ್ಲ, ಗಾಡಿಯನ್ನು ಕ್ಲೀನರ್ ಕೈಗೆ ಬಿಟ್ಟಿದ್ದ. ಲೈಸೆನ್ಸ್ ಇಲ್ಲದ ಆ ಹುಡುಗ ಲಾರಿ ಓಡಿಸಿ ಒಬ್ಬರ ಸಾವಿಗೆ ಕಾರಣನಾದ. ಲೈಸೆನ್ಸ್ ಇಲ್ಲದವನು ಓಡಿಸಿದ್ದಾನೆ, ನಮಗೆ ಸಂಬಂಧವಿಲ್ಲ ಎಂದಿತು ವಿಮಾ ಕಂಪನಿ. ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಒಪ್ಪಲಿಲ್ಲ. ಮಾಲೀಕ ಲೈಸೆನ್ಸ್ ಇದ್ದವನನ್ನೇ ನೇಮಿಸಿದ್ದ, ಅವನು ಬೇಕೆಂದು ಷರತ್ತು ಮುರಿದಿಲ್ಲ, ಶಾಸನದ ಮುಖ್ಯ ಉದ್ದೇಶವೇ ಸತ್ತವರ ಕುಟುಂಬಕ್ಕೆ ಆಸರೆ ಕೊಡುವುದು ಎಂದರು. 2004ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಷರತ್ತು ಮುರಿದಿದೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. ಲೈಸೆನ್ಸಿನ ಷರತ್ತು ಮುರಿದರೂ ಆ ಮುರಿತ ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿರಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೆರಿಗೆಯ ವಿಷಯವನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ಗೊಂದಲವಿಲ್ಲ. ಮನೆ ಕಂದಾಯ ಬಾಕಿ ಇದೆಯೆಂದು ಆ ಮನೆಗೆ ಮಾಡಿಸಿದ ಬೆಂಕಿ ವಿಮೆ ಬಿದ್ದುಹೋಗುವುದಿಲ್ಲ. ಗಾಡಿಯದೂ ಹಾಗೆಯೇ. ಕಾರು ಕೊಂಡವರು ಬೆಲೆಗೆ ತಕ್ಕಂತೆ ಲೈಫ್ ಟ್ಯಾಕ್ಸನ್ನು ಮೊದಲೇ ಕಟ್ಟಿರುತ್ತಾರೆ. ಲಾರಿ ಬಸ್ಸಿನವರು ಮೂರು ತಿಂಗಳಿಗೊಮ್ಮೆ ಕಟ್ಟುತ್ತಾರೆ. ಕಟ್ಟದಿದ್ದರೆ ದಂಡ ಹಾಕಲು, ಗಾಡಿ ಹಿಡಿದು ನಿಲ್ಲಿಸಲು ಸಾರಿಗೆ ಇಲಾಖೆಗೆ ಅಧಿಕಾರವಿದೆ. ಅದು ಸರ್ಕಾರ ಮತ್ತು ಮಾಲೀಕನ ನಡುವಿನ ಲೆಕ್ಕ. ಆ ಬಾಕಿಯಿಂದ ವಿಮಾ ಕಂಪನಿಯ ಹೊರೆ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಬ್ರೇಕು ಒಂದಿಷ್ಟೂ ಸಡಿಲವಾಗುವುದಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ತೆರಿಗೆ ಬಾಕಿ ಇದ್ದರೆ ಆರ್.ಟಿ.ಒ. ಕಂಪ್ಯೂಟರು ಎಫ್.ಸಿ. ಅರ್ಜಿಯನ್ನು ಮುಂದಕ್ಕೆ ಬಿಡುವುದಿಲ್ಲ. ಹಾಗಾಗಿ ತೆರಿಗೆಯ ತೊಂದರೆ ಹಿಂಬಾಗಿಲಿನಿಂದ ಬಂದು ಎಫ್.ಸಿ.ಯ ತೊಂದರೆಯಾಗಿ ಕೂರುತ್ತದೆ. ಹಳದಿ ಬೋರ್ಡಿನ ಬಡ ಮಾಲೀಕರು ಸಿಕ್ಕಿಬೀಳುವುದು ಹೆಚ್ಚಾಗಿ ಈ ದಾರಿಯಲ್ಲೇ.

ಇನ್ನು ಎಫ್.ಸಿ. ಮೊದಲು ಬಿಳಿ ಬೋರ್ಡಿನವರಿಗೆ ಧೈರ್ಯದ ಒಂದು ಮಾತು. ಸ್ವಂತ ಬಳಕೆಯ ಕಾರಿಗೆ ಮೊದಲ 15 ವರ್ಷ ಪ್ರತ್ಯೇಕ ಎಫ್.ಸಿ. ಎಂಬುದೇ ಇಲ್ಲ. ನೋಂದಣಿಯೇ 15 ವರ್ಷಕ್ಕೆ ಊರ್ಜಿತ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಆಗ ಹಳೆಯ ಕಾರಿನವರು ಮುಂದೂಡಲು ಶುರುಮಾಡಿದರೆ ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಹಳದಿ ಬೋರ್ಡಿನ ಲೆಕ್ಕ ಬೇರೆ. ಹೊಸ ಗಾಡಿಗೆ ಎರಡು ವರ್ಷ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

56ನೆಯ ಕಲಮು ಒಂದು ವಿಚಿತ್ರ ಕೆಲಸ ಮಾಡುತ್ತದೆ. ಎಫ್.ಸಿ. ಇಲ್ಲದ ಸಾರಿಗೆ ವಾಹನವನ್ನು, 39ನೆಯ ಕಲಮಿನ ಮಟ್ಟಿಗೆ, ನೋಂದಣಿಯೇ ಆಗಿಲ್ಲ ಎಂದು ಭಾವಿಸಬೇಕು ಎನ್ನುತ್ತದೆ. ನಂಬರ್ ಪ್ಲೇಟು ಇದೆ, ಆರ್.ಸಿ. ಇದೆ, ಆದರೂ ಕಾನೂನಿನ ಕಣ್ಣಿಗೆ ನೋಂದಣಿ ಇಲ್ಲ. ವಿಮಾ ಕಂಪನಿಯ ವಕೀಲರು ಹಿಡಿಯುವ ಎಳೆ ಇದೇ. ಎಫ್.ಸಿ. ಇಲ್ಲ ಎಂದರೆ ನೋಂದಣಿ ಇಲ್ಲ. ನೋಂದಣಿ ಇಲ್ಲ ಎಂದರೆ ಪರ್ಮಿಟ್ ಇದ್ದೂ ಇಲ್ಲದಂತೆ. ಪರ್ಮಿಟ್ ಇಲ್ಲದಿರುವುದು ಪಟ್ಟಿಯಲ್ಲಿದೆ. ಆದ್ದರಿಂದ ನಾವು ಹೊಣೆಯಲ್ಲ. ಪರ್ಮಿಟ್ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೂ 2018ರಲ್ಲೂ ಹೇಳಿದೆ. 2018ರಲ್ಲಿ ಕೇರಳ ಹೈಕೋರ್ಟಿನ ಪೂರ್ಣಪೀಠ ಎಫ್.ಸಿ. ಇಲ್ಲದಿರುವುದನ್ನೂ ಅದೇ ಸಾಲಿಗೆ ಸೇರಿಸಿತು.

ಗೌರವದಿಂದಲೇ ಹೇಳುತ್ತೇನೆ, ಈ ಸರಣಿ ತರ್ಕ ನನಗೆ ಒಪ್ಪಿಗೆಯಿಲ್ಲ. 56ನೆಯ ಕಲಮಿನ ಭಾವನೆಗೆ ಸಂಸತ್ತೇ ಒಂದು ಬೇಲಿ ಹಾಕಿದೆ: ಅದು 39ನೆಯ ಕಲಮಿನ ಮಟ್ಟಿಗೆ ಮಾತ್ರ. 39 ಎಂದರೆ ನೋಂದಣಿಯಿಲ್ಲದೆ ಗಾಡಿ ಓಡಿಸಬಾರದು ಎಂಬ ನಿಷೇಧ, ಅದನ್ನು ಮುರಿದರೆ 192ನೆಯ ಕಲಮಿನಲ್ಲಿ ದಂಡ. ಆ ಬೇಲಿ ದಾಟಿಸಿ ಭಾವನೆಯನ್ನು ವಿಮೆಯ ಅಧ್ಯಾಯಕ್ಕೆ ಎಳೆದು ತರಲು ಆಧಾರವೇನು? ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. 2019ರಲ್ಲಿ ಸಂಸತ್ತು ವಿಮೆಯ ಅಧ್ಯಾಯವನ್ನು ಪೂರ್ತಿ ಬಿಚ್ಚಿ ಮತ್ತೆ ಬರೆಯಿತು. ಕಂಪನಿ ಎತ್ತಬಹುದಾದ ತಕರಾರುಗಳ ಪಟ್ಟಿಗೆ ಕೈಹಾಕಿ, ಕುಡಿದು ಓಡಿಸುವುದನ್ನೂ ಪ್ರೀಮಿಯಂ ಬಾರದಿರುವುದನ್ನೂ ಹೊಸದಾಗಿ ಸೇರಿಸಿತು. ಎಫ್.ಸಿ.ಯ ಜಗಳ ಆ ಹೊತ್ತಿಗೆ ದೇಶದ ಕೋರ್ಟುಗಳಲ್ಲಿ ಚೆನ್ನಾಗಿ ಬೆಳೆದಿತ್ತು. ಸೇರಿಸಬೇಕೆಂದಿದ್ದರೆ ಸೇರಿಸಲು ಅದೇ ಸಮಯ. ಸೇರಿಸಲಿಲ್ಲ. ಪೆನ್ನು ಕೈಯಲ್ಲಿದ್ದಾಗ ಸಂಸತ್ತು ಬರೆಯದ ಮಾತನ್ನು ನಾವು ವಾದದ ಬಲದಿಂದ ಬರೆಯಬಾರದು.

ಎಫ್.ಸಿ.ಯನ್ನು ನಾನು ಹಗುರ ಮಾಡುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಬ್ರೇಕ್ ಇನ್‌ಸ್ಪೆಕ್ಟರ್ ಎಂದು ನಮ್ಮ ಜನ ಕರೆಯುವ ಆ ಅಧಿಕಾರಿ ಗಾಡಿ ಹತ್ತಿ ಬ್ರೇಕು ಒತ್ತಿ ನೋಡುವುದು ನೂರಾರು ಜೀವಗಳ ಪ್ರಶ್ನೆ. ಘಾಟಿಯಲ್ಲಿ ಬ್ರೇಕು ಹಿಡಿಯದ ಲಾರಿ, ಹಿಂಬದಿ ದೀಪವಿಲ್ಲದೆ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರ್ ಟ್ರೈಲರ್, ಬಾಗಿಲು ಭದ್ರವಿಲ್ಲದ ಶಾಲಾ ವ್ಯಾನು, ಇವುಗಳಿಂದ ಆದ ಸಾವುಗಳ ಕಡತಗಳನ್ನು ಓದಿದವನು ತಪಾಸಣೆಯನ್ನು ಹಗುರ ಮಾಡಲಾರ. ಅದಕ್ಕೇ 2004ರ ಲೈಸೆನ್ಸ್ ತೀರ್ಪಿನ ಮಾತನ್ನು ನೆನಪಿಟ್ಟುಕೊಳ್ಳಿ ಎಂದದ್ದು. ಬ್ರೇಕು ಕೆಟ್ಟಿತ್ತು, ಅದರಿಂದಲೇ ಅಪಘಾತವಾಯಿತು, ತಪಾಸಣೆಗೆ ಒಯ್ದಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ ಮಾಲೀಕ ಭಾರ ಹೊರಲಿ. ಗಾಡಿ ಸರಿಯಾಗಿತ್ತು, ಚಾಲಕ ಎಡವಿದ, ಎಫ್.ಸಿ. ಹತ್ತು ದಿನದ ಹಿಂದೆ ಮುಗಿದಿತ್ತು ಎಂದಾದರೆ ಆ ಹತ್ತು ದಿನಕ್ಕೂ ಅಪಘಾತಕ್ಕೂ ಏನು ಸಂಬಂಧ? ಆ ತಪ್ಪಿಗೆ ದಂಡ ಬೇರೆಯೇ ಇದೆ, ಕಟ್ಟಲಿ.

ಈಗ ಗಾಯಗೊಂಡವರ ಮಾತು ಬಿಟ್ಟು ಮಾಲೀಕನ ಸ್ವಂತ ನಷ್ಟಕ್ಕೆ ಬರೋಣ. ಇಲ್ಲಿ ಚಿತ್ರ ಕಠಿಣವಾಗಿದೆ. ಫುಲ್ ಇನ್ಶೂರೆನ್ಸ್ ಎಂದು ನಾವು ಕರೆಯುವ ಪಾಲಿಸಿಯಲ್ಲಿ ಸ್ವಂತ ಹಾನಿಯ ಭಾಗಕ್ಕೆ 150ನೆಯ ಕಲಮಿನ ರಕ್ಷಣೆ ಇಲ್ಲ. ಅದು ಶುದ್ಧ ಕರಾರು. ಗಾಡಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಮಾಲೀಕ ಸಮಂಜಸವಾದ ಎಲ್ಲ ಎಚ್ಚರ ವಹಿಸಬೇಕು ಎಂಬ ಷರತ್ತು ಪ್ರತಿ ಪಾಲಿಸಿಯಲ್ಲೂ ಇದೆ. ಸರ್ವೇಯರ್ ಬಂದು ಟೈರಿನ ಗೀರುಗಳನ್ನು ಬೆರಳಿಂದ ಸವರಿ ನೋಡುವುದು ಅದಕ್ಕೇ.

2014ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪಿಕಪ್ ಗಾಡಿಯ ಪ್ರಕರಣ ಬಂತು. ತಾತ್ಕಾಲಿಕ ನೋಂದಣಿ 2006ರ ಜನವರಿಯಲ್ಲಿ ಮುಗಿದಿತ್ತು, ಅಪಘಾತ ಆದದ್ದು ಫೆಬ್ರವರಿಯಲ್ಲಿ. ನೋಂದಣಿ ಇಲ್ಲದೆ ರಸ್ತೆಗಿಳಿದದ್ದೇ ಮೂಲಭೂತ ಉಲ್ಲಂಘನೆ, ಹಾನಿಯ ಹಣ ಇಲ್ಲ ಎಂದಿತು ಕೋರ್ಟು. 2021ರಲ್ಲಿ ಇನ್ನೊಂದು. ಹೊಸ ಬೊಲೆರೊ, ತಾತ್ಕಾಲಿಕ ನೋಂದಣಿ 2011ರ ಜುಲೈ 19ಕ್ಕೆ ಮುಗಿದಿತ್ತು. ಮಾಲೀಕ ಜೋಧಪುರಕ್ಕೆ ಹೋಗಿ ಅತಿಥಿಗೃಹದ ಹೊರಗೆ ನಿಲ್ಲಿಸಿದ್ದ ಗಾಡಿ ಅದೇ ತಿಂಗಳ ಕೊನೆಯಲ್ಲಿ ಕಳುವಾಯಿತು. ಆಗಲೂ ಉತ್ತರ ಅದೇ. ಈ ಎರಡನೆಯ ತೀರ್ಪು ನನ್ನನ್ನು ಕಾಡುತ್ತದೆ. ಕಾನೂನಿನ ಶಿಸ್ತಿಗೆ ಅದರಲ್ಲಿ ಸ್ಥಾನವಿದೆ ನಿಜ, ಆದರೆ ಕಳ್ಳತನಕ್ಕೂ ನೋಂದಣಿಗೂ ಕಾರ್ಯಕಾರಣ ಸಂಬಂಧವನ್ನು ನಾನು ಕಾಣೆ. 2008ರಲ್ಲಿ ಇದೇ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿದಿತ್ತು. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದರು, ಷರತ್ತು ಮುರಿದಿತ್ತು, ಗಾಡಿ ಕಳುವಾಗಿತ್ತು. ಕಳ್ಳತನಕ್ಕೆ ಆ ಷರತ್ತು ಸಂಬಂಧಿಸಿದ್ದಲ್ಲ ಎಂದು, ಪೂರ್ತಿ ಕೊಡದಿದ್ದರೂ ಶೇಕಡಾ 75ರಷ್ಟು ಕೊಡಿಸಿದ್ದನ್ನು ಎತ್ತಿಹಿಡಿಯಿತು. ಕಂಪನಿಗಳ ಭಾಷೆಯಲ್ಲಿ ಇದಕ್ಕೆ ನಾನ್ ಸ್ಟ್ಯಾಂಡರ್ಡ್ ಇತ್ಯರ್ಥ ಎನ್ನುತ್ತಾರೆ. ಎಫ್.ಸಿ. ಮುಗಿದ ಗಾಡಿಯ ಸ್ವಂತ ಹಾನಿಗೆ ಗ್ರಾಹಕರ ಆಯೋಗಗಳಲ್ಲಿ ವಾದಿಸುವ ಮಿತ್ರರು ಹಿಡಿಯಬೇಕಾದ ದಾರಿ ಇದು ಎಂದು ನನ್ನ ಅಭಿಪ್ರಾಯ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯೂ, ದಾಖಲೆ ಇಲ್ಲವೆಂಬ ಕಾರಣಕ್ಕೆ ಕ್ಲೈಮ್ ತಿರಸ್ಕರಿಸಬಾರದು, ಇತ್ಯರ್ಥಕ್ಕೆ ಬೇಕಾದ ದಾಖಲೆಗಳನ್ನಷ್ಟೇ ಕೇಳಬೇಕು ಎಂದಿದೆ. ಅದನ್ನು ಅರ್ಜಿಯ ಜೊತೆ ಲಗತ್ತಿಸಿ.

ಬ್ರಿಟನ್ನಿನಲ್ಲಿ ಈ ವಿಷಯ ಹೆಚ್ಚು ನೇರವಾಗಿದೆ. ಅಲ್ಲಿ ಎಂ.ಒ.ಟಿ. ಎಂಬ ವಾರ್ಷಿಕ ತಪಾಸಣೆ 1960ರಲ್ಲಿ ಬಂತು, ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಗಾಜಿಗೆ ಅಂಟಿಸುತ್ತಿದ್ದ ತೆರಿಗೆಯ ದುಂಡು ಚೀಟಿ 2014ರ ಅಕ್ಟೋಬರ್ 1ಕ್ಕೆ ಹೋಯಿತು, ಈಗ ಎಲ್ಲ ಕಂಪ್ಯೂಟರಿನಲ್ಲಿ. ಅಲ್ಲಿ ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ರಜೆಗೆಂದು ಊರಿಗೆ ಬಂದಾಗ ಅಲ್ಲಿ ಮನೆಯ ಮುಂದೆ ನಿಂತ ಕಾರಿನ ಎಂ.ಒ.ಟಿ. ಮುಗಿದುಹೋಗುವುದುಂಟು. ಅವರಿಗೂ ಇದೇ ಆತಂಕ. ಅಲ್ಲಿನ 2015ರ ವಿಮಾ ಕಾಯ್ದೆಯ ಪ್ರಕಾರ, ಮುರಿದ ಷರತ್ತು ಆದ ನಷ್ಟದ ಅಪಾಯವನ್ನು ಹೆಚ್ಚಿಸಿರಲು ಸಾಧ್ಯವೇ ಇರಲಿಲ್ಲ ಎಂದು ಗ್ರಾಹಕ ತೋರಿಸಿದರೆ ಕಂಪನಿ ಆ ಷರತ್ತಿನ ಹಿಂದೆ ಅಡಗುವಂತಿಲ್ಲ. ತಪಾಸಣೆ ಮುಗಿದ ಕಾರಿನ ಬೆಲೆ ಕಟ್ಟುವಾಗ ಸ್ವಲ್ಪ ಕಡಿಮೆ ಹಿಡಿಯಬಹುದು, ಅಷ್ಟೆ. 1939ರಲ್ಲಿ ನಾವು ಅವರ ಕಾಯ್ದೆಯಿಂದ ಕಲಿತೆವು. ಈ ಒಂದು ಸೂತ್ರವನ್ನೂ ಕಲಿಯಬಹುದು.

ಮೂರನೆಯವನಿಗೆ ಪರಿಹಾರ ಸಿಗುತ್ತದೆ ಎಂದೆನಲ್ಲ, ಆ ಹಣ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಚಾಲಕ ಗೆಳೆಯರು ಗಮನವಿಟ್ಟು ಕೇಳಬೇಕು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಈ ಪ್ರಶ್ನೆಯನ್ನು ವಿಸ್ತಾರವಾಗಿ ಪರಿಶೀಲಿಸಿತು. ಷರತ್ತು ಮುರಿದದ್ದು ಸಾಬೀತಾದರೂ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂಬ ತತ್ವವನ್ನು ಗಟ್ಟಿ ಮಾಡಿತು. ಕೋರ್ಟಿನ ಭಾಷೆಯಲ್ಲಿ ಪೇ ಅಂಡ್ ರಿಕವರ್. ಸಂತ್ರಸ್ತರಿಗೆ ಇದು ದೊಡ್ಡ ಆಸರೆ. ಮಾಲೀಕನಿಗೆ?

ಒಂದು ಲೆಕ್ಕ ಹಾಕಿ ನೋಡೋಣ. ಲಗೇಜ್ ಆಟೊ ಒಂದು ಮಾರ್ಕೆಟ್ಟಿನ ಬಳಿ ಹೂವು ಮಾರುವ ಹೆಣ್ಣುಮಗಳಿಗೆ ಬಡಿಯಿತು, ಆಕೆ ತೀರಿಕೊಂಡಳು ಎಂದಿಟ್ಟುಕೊಳ್ಳಿ. ವಯಸ್ಸು 38. ತಿಂಗಳ ಸಂಪಾದನೆ 15,000. ಮನೆಯಲ್ಲಿ ಆಕೆಯನ್ನು ನೆಚ್ಚಿಕೊಂಡವರು ಗಂಡ, ಇಬ್ಬರು ಮಕ್ಕಳು, ಅತ್ತೆ. 2017ರ ಸಂವಿಧಾನ ಪೀಠದ ತೀರ್ಪಿನಂತೆ ಸ್ವಂತ ದುಡಿಮೆಯವಳಾದ್ದರಿಂದ ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಬೇಕು. ತಿಂಗಳಿಗೆ 21,000 ಆಯಿತು, ವರ್ಷಕ್ಕೆ 2,52,000. ಅವಲಂಬಿತರು ನಾಲ್ವರಾದ್ದರಿಂದ ಆಕೆಯ ಸ್ವಂತ ಖರ್ಚಿಗೆ ಕಾಲುಭಾಗ ಕಳೆಯಬೇಕು. ಉಳಿದದ್ದು 1,89,000. ಆ ವಯಸ್ಸಿಗೆ ಗುಣಕ 15. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆ, ಬಾಂಧವ್ಯದ ನಷ್ಟ ಇತ್ಯಾದಿ ಬೇರೆ, ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ಒಂದು ಹೆಣ್ಣುಮಗಳ ಬದುಕಿಗೆ ಇದು ಹೆಚ್ಚೇನಲ್ಲ. ಆದರೆ ಕಂಪನಿ ಇದನ್ನು ಕೊಟ್ಟು, ಒಂದೇ ಒಂದು ಆಟೊ ಇರುವ, ಅದರ ಸಾಲವೂ ತೀರದ ಮಾಲೀಕನ ಮೇಲೆ ವಸೂಲಿಗೆ ಹೊರಟರೆ ಅವನ ಮನೆ ಉಳಿಯುವುದಿಲ್ಲ. ಅವನು ವರ್ಷಗಳ ಕಾಲ ಪ್ರೀಮಿಯಂ ಕಟ್ಟಿದ್ದಾನೆ. ಎಫ್.ಸಿ. ಮಾಡಿಸಲು ಒಂದು ದಿನದ ದುಡಿಮೆ ಬಿಡಬೇಕು, ಬಣ್ಣ ಬಳಿಸಬೇಕು, ರಿಫ್ಲೆಕ್ಟರ್ ಸ್ಟಿಕ್ಕರಿನವರೆಗೆ ಎಲ್ಲ ಸರಿಮಾಡಿಸಬೇಕು ಎಂದು ಮುಂದೂಡಿದ್ದಾನೆ. ತಪ್ಪು ಅವನದೇ. ಆದರೆ ಆ ತಪ್ಪಿನ ತೂಕ 28 ಲಕ್ಷವೇ? ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಎಫ್.ಸಿ. ಇಲ್ಲದವರಿಗೆ ವಿಮೆಯನ್ನೇ ಕೊಡಬಾರದು, ಆಗ ಎಲ್ಲರೂ ತಂತಾವೇ ಸರಿಹೋಗುತ್ತಾರೆ ಎಂದು ಸಲಹೆ ಕೊಡುವವರಿದ್ದಾರೆ. ಈ ಪ್ರಯೋಗವನ್ನು ನಮ್ಮ ದೇಶ ಹೊಗೆ ತಪಾಸಣೆಯ ವಿಷಯದಲ್ಲಿ ಮಾಡಿ ನೋಡಿದೆ. ದೆಹಲಿಯ ವಾಯುಮಾಲಿನ್ಯದ ಪ್ರಕರಣದಲ್ಲಿ 2017ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್, ಚಾಲ್ತಿಯ ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ವಿಮೆ ನವೀಕರಿಸಬಾರದು ಎಂದು ಆದೇಶಿಸಿತು. ಉದ್ದೇಶ ಒಳ್ಳೆಯದು. ಆದರೆ ಎಮಿಷನ್ ಮುಗಿದಿದ್ದರೆ ಕ್ಲೈಮೇ ಇಲ್ಲ ಎಂಬ ಸುದ್ದಿ ಹಬ್ಬಿತು. 2020ರ ಆಗಸ್ಟ್‌ನಲ್ಲಿ, ಕ್ಲೈಮ್ ನಿರಾಕರಿಸಲು ಅದು ಕಾರಣವಾಗದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಸ್ಪಷ್ಟನೆ ಕೊಡಬೇಕಾಯಿತು. ಇತ್ತ ಅರ್ಧಕ್ಕಿಂತ ಹೆಚ್ಚು ವಾಹನಗಳು ಮೂರನೆಯವರ ವಿಮೆಯೇ ಇಲ್ಲದೆ ಓಡುತ್ತಿವೆ, ಈ ಷರತ್ತು ಅದನ್ನು ಇನ್ನಷ್ಟು ಕೆಡಿಸುತ್ತದೆ ಎಂದು ಸಾಮಾನ್ಯ ವಿಮಾ ಕಂಪನಿಗಳ ಮಂಡಳಿಯೇ ಕೋರ್ಟಿನ ಮುಂದೆ ಹೋಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಏಳು ವರ್ಷದ ಈ ಅನುಭವ ನಮ್ಮ ಮುಂದಿದೆ. ಒಂದು ದಾಖಲೆಯನ್ನು ಇನ್ನೊಂದರ ಕೊರಳಿಗೆ ಕಟ್ಟಿದಾಗ ಜನ ಎಮಿಷನ್ ಮಾಡಿಸಿಕೊಂಡು ಬರುತ್ತಾರೆ, ಹೊಗೆ ಕಡಿಮೆಯಾಗುತ್ತದೆ ಎಂದುಕೊಂಡೆವು. ಬಾರದವರು ವಿಮೆಯನ್ನೂ ಬಿಟ್ಟರೆ ಅದರ ಪೆಟ್ಟು ಬೀಳುವುದು ರಸ್ತೆಯ ಮೇಲಿನ ಮೂರನೆಯವನಿಗೆ. ವಿಮೆ ಇಲ್ಲದ ಗಾಡಿಗೆ ದಂಡ ಮೊದಲ ಸಲ 2,000 ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ. ಸತ್ತವರ ಮಕ್ಕಳಿಗೆ ಆ 2,000ದಲ್ಲಿ ಏನೂ ಇಲ್ಲ.

ಆದ್ದರಿಂದ ನಾನು ಕೇಳುವುದು ಬೇರೆ. 150ನೆಯ ಕಲಮಿಗೆ ಒಂದು ವಿವರಣೆ ಸೇರಿಸಿ, ತೆರಿಗೆ ಬಾಕಿ, ಎಫ್.ಸಿ. ಅಥವಾ ಆರ್.ಸಿ. ನವೀಕರಣದ ವಿಳಂಬ, ಇವಿಷ್ಟರಿಂದಲೇ ಕಂಪನಿ ಹೊಣೆಯಿಂದ ಜಾರುವಂತಿಲ್ಲ ಎಂದು ಬರೆಯಬೇಕು. ವಸೂಲಿಯ ಹಕ್ಕು ಇರಲಿ, ಆದರೆ ಗಾಡಿಯ ದೋಷ ಅಪಘಾತಕ್ಕೆ ಕಾರಣವಾಯಿತೆಂದು ಕಂಪನಿ ತೋರಿಸಿದಾಗ ಮಾತ್ರ. ಪಾಲಿಸಿ ನವೀಕರಿಸುವಾಗ ಗಾಡಿಯ ಎಫ್.ಸಿ. ದಿನಾಂಕ ಕಂಪನಿಯ ಕಂಪ್ಯೂಟರಿಗೆ ಕಾಣುತ್ತದೆ. ಪ್ರೀಮಿಯಂ ತೆಗೆದುಕೊಳ್ಳುವಾಗ ನೋಡಿಯೂ ಸುಮ್ಮನಿದ್ದು, ಸಾವಾದ ಮೇಲೆ ಅದನ್ನೇ ತಕರಾರಾಗಿ ಎತ್ತುವುದು ನ್ಯಾಯವಲ್ಲ. ಪಾಲಿಸಿಯ ಮೊದಲ ಪುಟದಲ್ಲೇ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಆ ದಿನಾಂಕವನ್ನು ಅಚ್ಚು ಹಾಕಿ ಎಚ್ಚರಿಸಲಿ. ಈಗ ವಸೂಲಿಯ ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ, ಕೊನೆಯ ಪುಟಗಳಲ್ಲಿ: ಕಾಯ್ದೆಯ ಬಲವಂತಕ್ಕೆ ನಾವು ಕೊಟ್ಟದ್ದನ್ನು ನೀವು ಹಿಂದಿರುಗಿಸಬೇಕು ಎಂಬ ಅರ್ಥದ ಆ ಪ್ಯಾರಾವನ್ನು ಓದಿದ ಆಟೊ ಮಾಲೀಕನನ್ನು ನಾನು ಈವರೆಗೆ ಕಂಡಿಲ್ಲ.

ಕಾಯ್ದೆ ತಿದ್ದುವುದು ದೆಹಲಿಯ ಕೆಲಸ, ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಚಾಲಕ ಗೆಳೆಯರಿಗೆ ಕೆಲವು ಮಾತು. ಎಫ್.ಸಿ. ಮುಗಿದಿದೆ ಎಂದು ತಿಳಿದ ಮೇಲೆ ಬಾಡಿಗೆಗೆ ಹೋಗಬೇಡಿ, ಒಂದು ಟ್ರಿಪ್ಪಿನ ಆಸೆಯನ್ನೂ ಬಿಡಿ. ತೆರಿಗೆ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ, ಇಲ್ಲದಿದ್ದರೆ ಎಫ್.ಸಿ. ದಾರಿ ತೆರೆಯುವುದಿಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಿರಾದರೆ ಸಾರಿಗೆ ಕಚೇರಿಗೆ ಮುಂಚಿತವಾಗಿ ಬರೆದು ತಿಳಿಸಿ ಸ್ವೀಕೃತಿ ಪಡೆಯಿರಿ. ಸರ್ವೀಸ್ ಮಾಡಿಸಿದ, ಬ್ರೇಕ್ ಶೂ ಬದಲಿಸಿದ, ಟೈರು ಹಾಕಿಸಿದ ಬಿಲ್ಲುಗಳನ್ನು ಎಸೆಯಬೇಡಿ. ಎಫ್.ಸಿ. ಇಲ್ಲದ ದಿನಗಳಲ್ಲೂ ಗಾಡಿ ಸುಸ್ಥಿತಿಯಲ್ಲಿತ್ತು ಎಂದು ಹೇಳಬಲ್ಲ ಸಾಕ್ಷಿ ನಿಮ್ಮ ಕೈಯಲ್ಲಿರುವುದು ಅವಷ್ಟೇ. ಅಪಘಾತವಾದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಠಾಣೆಗೆ ಮತ್ತು ಕಂಪನಿಗೆ ಕೂಡಲೇ ತಿಳಿಸಿ. ಹಿಂದಿನ ತಾರೀಖಿನ ಕಾಗದ ಮಾಡಿಸಿಕೊಡುತ್ತೇನೆ ಎಂದು ಬರುವವನ ಮಾತಿಗೆ ಕಿವಿಗೊಡಬೇಡಿ. ಕ್ಷಮಿಸಬಹುದಾದ ಲೋಪ ಆಗ ಅಪರಾಧವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನ್ಯಾಯಮಂಡಳಿಯ ನೋಟಿಸು ಮನೆಗೆ ಬಂದಾಗ "ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡ್ಕೋತಾರೆ" ಎಂದು ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಬೇಡಿ. ಎಫ್.ಸಿ.ಯ ತಕರಾರು ಎದ್ದ ಕ್ಷಣದಿಂದ ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ. ನೀವು ಹಾಜರಾಗದಿದ್ದರೆ ನಿಮ್ಮನ್ನು ಎಕ್ಸ್‌ಪಾರ್ಟಿ ಇಡುತ್ತಾರೆ, ಬ್ರೇಕು ಸರಿಯಿತ್ತು ಎಂದು ಹೇಳುವವರು ಆ ಕಟಕಟೆಯಲ್ಲಿ ಯಾರೂ ಇರುವುದಿಲ್ಲ, ವಸೂಲಿಯ ಆದೇಶ ನಿಮ್ಮ ಗೈರುಹಾಜರಿಯಲ್ಲಿ ಆಗುತ್ತದೆ. ಅಪಘಾತದ ನಂತರ ಇದೇ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ನೋಡಿ ವರದಿ ಬರೆದಿರುತ್ತಾರೆ. ಯಾಂತ್ರಿಕ ದೋಷದಿಂದ ಅಪಘಾತವಾಗಿಲ್ಲ ಎಂಬ ಒಂದು ಸಾಲು ಅದರಲ್ಲಿದ್ದರೆ, 2004ರ ಲೈಸೆನ್ಸ್ ತೀರ್ಪಿನ ಜೊತೆ ಅದನ್ನು ಇಟ್ಟು ವಾದಿಸಲು ದಾರಿಯಿದೆ. ಪೊಲೀಸರ ಆರೋಪಪಟ್ಟಿಯ ಜೊತೆ ಆ ವರದಿಯ ನಕಲು ಸಿಗುತ್ತದೆ. ಮೊದಲ ದಿನವೇ ಅರ್ಜಿ ಕೊಟ್ಟು ಪಡೆದುಕೊಳ್ಳಿ, ಆರ್.ಸಿ., ಪಾಲಿಸಿ, ಚಾಲಕನ ಲೈಸೆನ್ಸ್ ಮತ್ತು ಆ ರಿಪೇರಿ ಬಿಲ್ಲುಗಳ ಸಮೇತ ವಕೀಲರ ಬಳಿ ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಪ್ರತಿ ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವೆಗಳ ಸಮಿತಿಯ ಕಚೇರಿಯಿದೆ, ಅದರ ಬಾಗಿಲು ತಟ್ಟಿ.